ಸುಂಟರಗಾಳಿಯ ದಿನ ಎಷ್ಟು ಸೆಂಟು ಮಳೆ

ಆ ಸುಂಟರಗಾಳಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ವಾಕ್ಯ ಬರೆದು ಮುಗಿಸುವಷ್ಟರಲ್ಲಿ ಅದರ ಮೇಲೆ ನನಗೇ ಅನುಮಾನ ಬಂದಿದೆ. ಕಂಡದ್ದು ಹೌದು. ಏನು ಕಂಡೆ ಎಂದು ಯಾರಾದರೂ ಪಟ್ಟು ಹಿಡಿದು ಕೇಳಿದರೆ, ಒಂದು ನೀಲಿ ಟಾರ್ಪಾಲಿನ ಮೂಲೆ, ಅದನ್ನು ಹಿಡಿದಿದ್ದ ನನ್ನ ಎರಡು ಕೈ, ಅಂಗಳದ ಆ ತುದಿಯಲ್ಲಿ ಬಾಯಿ ತೆರೆದು ನಿಂತಿದ್ದ ನನ್ನ ಸೋದರತ್ತೆ. ಉಳಿದದ್ದನ್ನೆಲ್ಲ ಆಮೇಲೆ ಅವರಿವರಿಂದ ಕೇಳಿ ಸೇರಿಸಿಕೊಂಡಿದ್ದೇನೆ. ಈಗ ಯಾವುದು ನನ್ನದು, ಯಾವುದು ಅವರದು ಎಂದು ಬೇರ್ಪಡಿಸಲು ಹೋದರೆ ಎರಡೂ ಹರಿದುಹೋಗುತ್ತವೆ.

ಅಮ್ಮತ್ತಿಯ ಹೋಟೆಲಿನಲ್ಲಿ ಈ ಕತೆಯನ್ನು ನಾನು ಶುರು ಮಾಡುವುದು ಹೀಗೆ: ಗದ್ದೆ ಕಡೆಯಿಂದ ಒಂದು ಕಪ್ಪು ಕಂಬ ನಡೆದುಕೊಂಡು ಬಂತು. ಇಷ್ಟು ಹೇಳಿದರೆ ಪಕ್ಕದ ಮೇಜಿನವರೂ ಚಹಾ ಕೆಳಗಿಡುತ್ತಾರೆ. ಆದರೆ ಅದು ಮೋಸದ ಆರಂಭ. ಆ ಕಂಬ ಬರುವುದಕ್ಕೆ ಎಷ್ಟೋ ದಿನ ಮೊದಲಿನಿಂದಲೇ ನಾವೆಲ್ಲ ಆಕಾಶ ನೋಡುತ್ತ ನಿಂತಿದ್ದೆವು. ನಾವು ಕಾಯುತ್ತಿದ್ದದ್ದು ಗಾಳಿಗಾಗಿ ಅಲ್ಲ. ಆದ್ದರಿಂದ ಇಲ್ಲಿ ಅತ್ತೆಯ ಕೆರೆಯಿಂದ ಶುರು ಮಾಡುತ್ತೇನೆ, ಚಹಾ ಕುಡಿಯುವವರು ಕುಡಿಯಬಹುದು.

ಅತ್ತೆಯ ತೋಟ ನೆಲ್ಯಹುದಿಕೇರಿಯ ಹತ್ತಿರ, ಹೊಳೆಯಿಂದ ಸ್ವಲ್ಪ ಮೇಲೆ. ಎಲ್ಲವೂ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಆ ವರ್ಷ ಮಾವನ ಮಂಡಿಗೆ ಆಪರೇಷನ್ ಆಗಿ ಅವರು ಮೈಸೂರಿನಲ್ಲಿ ಮಗಳ ಮನೆಯಲ್ಲಿ ಕಾಲು ಚಾಚಿ ಮಲಗಿದ್ದರು. ಹೊರಡುವಾಗ ಕಾರಿನ ಕಿಟಕಿಯಿಂದ, "ಈ ಸಲ ನೀನೇ ನೋಡ್ಕೋ" ಎಂದು ಅತ್ತೆಗೆ ಹೇಳಿದ್ದರು. ಮದುವೆಯಾಗಿ ಬಂದಾಗಿನಿಂದ ಅತ್ತೆ ಆ ತೋಟವನ್ನು ನೋಡಿಕೊಂಡೇ ಇದ್ದರು. ಆದರೆ ನೋಡಿಕೊಳ್ಳುವುದು ಬೇರೆ, ನೀರು ಯಾವತ್ತು ಬಿಡಬೇಕೆಂದು ಹೇಳುವುದು ಬೇರೆ. ಅದು ಇಷ್ಟು ವರ್ಷ ಮಾವನ ಬಾಯಿಂದಲೇ ಬರಬೇಕಾದ ಮಾತಾಗಿತ್ತು. ನಾನು ಮೆಣಸಿನ ಕೊಯ್ಲಿಗೆ ಒಂದು ಕೈಯಾಗಲೆಂದು ಬಂದು ಉಳಿದಿದ್ದೆ.

ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾರ್ಚಿನಲ್ಲಿ ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಸುಮ್ಮನೆ ಕೂತಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ, ವಾರ ಕಳೆಯುತ್ತಲೇ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಆ ಮಳೆಗೆ ಹೂಮಳೆ ಎನ್ನುತ್ತೇವೆ. ಆಮೇಲೆ ಕಾಯಿ ನಿಲ್ಲುವುದಕ್ಕೆ ಇನ್ನೊಂದು ಮಳೆ ಬೇಕು. ಮಳೆ ಕೈಕೊಟ್ಟರೆ ಕೆರೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹೊಡೆಸುವುದು. ಅತ್ತೆಯ ಕೆರೆಯಲ್ಲಿ ಆ ವರ್ಷ ಇದ್ದದ್ದು ಒಂದೇ ಸುತ್ತಿನ ನೀರು. ಹೂವಿಗೆ ಹೊಡೆಸಿದರೆ ಕಾಯಿಗಿಲ್ಲ, ಕಾಯಿಗೆಂದು ಇಟ್ಟರೆ ಹೂವಿಗಿಲ್ಲ. ಇವೆರಡಕ್ಕಿಂತ ಕೆಟ್ಟದ್ದು ಅರೆಬರೆ ಮಳೆ. ಅದು ಮೊಗ್ಗನ್ನು ಎಬ್ಬಿಸಿ ನಡುದಾರಿಯಲ್ಲಿ ಬಿಟ್ಟುಬಿಡುತ್ತದೆ. ಕೂಡಲೇ ನೀರು ಕೊಡದಿದ್ದರೆ ಮೊಗ್ಗು ಕೆಂಪಗೆ ಮುರುಟಿ ಉದುರುತ್ತದೆ, ವರ್ಷದ ಬೆಳೆಯೂ ಅದರ ಜೊತೆಗೆ.

ಮಾವ ಮೈಸೂರಿನಿಂದ ದಿನಾ ಫೋನಿನಲ್ಲಿ, "ಹೊಡ್ಸೇ ನೀರು, ಯಾಕೆ ಕಾಯ್ತೀಯ" ಎನ್ನುತ್ತಿದ್ದರು. ಅತ್ತೆ, "ಮಳೆ ಬರುತ್ತೆ ರೀ. ಕೆರೆ ನೀರು ಕಾಯಿಗೆ ಇರ್ಲಿ" ಎನ್ನುತ್ತಿದ್ದರು.

"ಮಳೆ ನಿಂಗೆ ಹೇಳಿ ಕಳ್ಸಿದ್ಯಾ?"

"ನೀವು ಮಂಡಿ ಮಡಚೋದು ಅಭ್ಯಾಸ ಮಾಡಿ. ತೋಟ ನನ್ನ ಹತ್ರ ಬಿಡಿ."

ಫೋನಿಟ್ಟ ಮೇಲೆ ಅತ್ತೆ ಅಂಗಳಕ್ಕೆ ಹೋಗಿ ಪಶ್ಚಿಮದ ಕಡೆ ನೋಡುತ್ತಿದ್ದರು. ಮಳೆ ಬಾರದೆ ಹೂ ತಡವಾದರೆ ಮಾವನ ಮಾತು ಗೆದ್ದಂತೆ. ಬೆಳೆ ಹೋದರೆ ಮುಂದಿನ ವರ್ಷದಿಂದ ಆ ಮನೆಯಲ್ಲಿ ಅತ್ತೆಯ ಪಾಲಿಗೆ ಮತ್ತೆ ಅಡಿಗೆಮನೆಯೇ ಗತಿ.

ಇನ್ನೊಂದು ವಿಷಯ. ನಮ್ಮ ಕಡೆ ಜಾಗವನ್ನು ಅಳೆಯುವಂತೆ ಮಳೆಯನ್ನೂ ಸೆಂಟಿನಲ್ಲೇ ಅಳೆಯುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು. ಪ್ರತಿ ತೋಟದ ಅಂಗಳದಲ್ಲೂ ಒಂದು ಕಂಬದ ಮೇಲೆ ಮಳೆಮಾಪಕ ಇರುತ್ತದೆ. ಮೋಡ ಸರಿದ ಕೂಡಲೇ ಫೋನುಗಳು ಬಡಿದುಕೊಳ್ಳತೊಡಗುತ್ತವೆ: ನಿಮ್ಮಲ್ಲಿ ಎಷ್ಟು ಸೆಂಟು? ಸಾವಿನ ಸುದ್ದಿ ಹೇಳಲು ಫೋನು ಮಾಡಿದವರೂ ಮೊದಲು ಅದನ್ನೇ ಕೇಳುತ್ತಾರೆ. ತೊರೆಯಾಚೆಗಿನ ನೆರೆಯವರೊಬ್ಬರಿದ್ದಾರೆ, ನೀವು ಎಷ್ಟು ಹೇಳಿದರೂ ಅದರ ಮೇಲೆ ಐದು ಸೇರಿಸಿ ತಮ್ಮದೆನ್ನುತ್ತಾರೆ. ಅವರ ಜೊತೆ ಮಾತಾಡುವಾಗ ಮೊದಲು ಬಾಯಿ ಬಿಟ್ಟವರು ಸೋತಂತೆ.

ಈಗ ಆ ಮಧ್ಯಾಹ್ನ. ಊಟ ಆಗಿತ್ತು. (ಆಗಿರಲಿಲ್ಲ ಎಂದು ಅತ್ತೆ ಹೇಳುತ್ತಾರೆ.) ಅಂಗಳದ ತುಂಬ ಮೆಣಸು ಹರವಿತ್ತು. ಒಂದು ಮೂಲೆಯಲ್ಲಿ, ಆಳುಗಳು ಸಾಲಾಗಿ ವಾಸಿಸುವ ಲೈನು ಮನೆಯ ಹಿರಿಯ ಹೆಂಗಸು, ನಾವೆಲ್ಲ ಲೈನಿನ ಅಕ್ಕ ಎಂದು ಕರೆಯುವವರು, ಮೆಣಸನ್ನು ಕಾಲಿನಲ್ಲಿ ತಿರುವಿ ಹಾಕುತ್ತಿದ್ದರು. ರೈಟರು ಜಗಲಿಯಲ್ಲಿ ಕೂತು ಆಳುಗಳ ಹಾಜರಿ ಬರೆಯುತ್ತಿದ್ದರು. ತೋಟದಲ್ಲಿ ರೈಟರೆಂದರೆ ಅದೇ ಕೆಲಸ. ಸಂಜೆಯೊಳಗೆ ಅವರು ಬರೆದದ್ದು ಎಲ್ಲರಿಗೂ ಒಪ್ಪಿಗೆಯಾಗಬೇಕು, ಆ ಮಟ್ಟಿಗೆ ಅವರ ಬರವಣಿಗೆ ನನ್ನದಕ್ಕಿಂತ ಕಷ್ಟದ್ದು.

ಗದ್ದೆಯಾಚೆ ಆಕಾಶ ಕಪ್ಪಾಯಿತು. ಬರಬರುತ್ತ ಅದು ಮೋಡವಾಯಿತು, ಮೋಡದ ಹೊಟ್ಟೆ ಕೆಳಗೆ ಇಳಿಯಿತು, ಇಳಿದದ್ದು ನೆಲ ಮುಟ್ಟಿತು. ಬೇರೆ ಯಾವ ಊರಿನವರಾದರೂ ಆಗ ಓಡುತ್ತಿದ್ದರು. ನಾವು ಖುಷಿಪಟ್ಟೆವು. ಅಷ್ಟು ದಿನ ಕಾದ ಕಣ್ಣಿಗೆ, ಮೇಲಿನಿಂದ ಕೆಳಕ್ಕೆ ಕಪ್ಪಗೆ ಕಂಡದ್ದೆಲ್ಲ ಮಳೆಯೇ.

"ಬಂತು ನೋಡೋ" ಎಂದರು ಅತ್ತೆ ನನಗೆ. ಅವರ ದನಿ ಮೆಲ್ಲಗಿತ್ತು. ಗೆದ್ದವರು ಕೂಗುವುದಿಲ್ಲ. ಕೂಡಲೇ ಮಾವನಿಗೆ ಫೋನು ಮಾಡಿದರು. "ರೀ, ಬರ್ತಾ ಇದೆ. ಹೂಮಳೆ. ಹ್ಞಾಂ, ಕಣ್ಣಿಗೆ ಕಾಣ್ತಾ ಇದೆ, ಗದ್ದೆ ದಾಟ್ತಾ ಇದೆ. ಆಮೇಲೆ ಸೆಂಟು ಹೇಳ್ತೀನಿ, ಇಡಿ."

ಲೈನಿನ ಅಕ್ಕ ಮಾತ್ರ ಸೊಂಟಕ್ಕೆ ಕೈಯಿಟ್ಟು, "ಅಮ್ಮಾ, ಮಳೆ ಯಾಕೆ ಹಿಂಗೆ ಸುತ್ತುತ್ತೆ?" ಎಂದರು.

"ಸುತ್ತಲಿ ಬಿಡೇ. ಮೆಣಸು ಒಟ್ಟು ಮಾಡು, ನೆನೆಯುತ್ತೆ."

ನಾವು ಮೆಣಸನ್ನು ರಾಶಿ ಮಾಡಿ ಟಾರ್ಪಾಲು ಎಳೆಯುತ್ತಿದ್ದೆವು. ಆಗ ಕೆರೆಯ ಕೆಳಗಿನಿಂದ ಮರ ಮುರಿಯುವ ಸದ್ದು ಕೇಳಿತು. ಒಂದರ ಹಿಂದೆ ಒಂದು, ಚಟಚಟ ಎಂದು. ನಮ್ಮಲ್ಲಿ ಆ ಸದ್ದಿಗೆ ಒಂದೇ ಅರ್ಥ. ರೈಟರು ಜಗಲಿಯಿಂದ ಎದ್ದು, "ಆನೆ, ಆನೆ ಇಳಿದಿದೆ ಅಮ್ಮಾ" ಎಂದು ಒಳಗೆ ಓಡಿ, ಆನೆ ಓಡಿಸಲು ಇಟ್ಟುಕೊಂಡಿದ್ದ ಪಟಾಕಿ ತಂದರು. ನನ್ನ ಕಡೆ ಕೈ ಚಾಚಿದರು. ನಾನು ಜೇಬಿನಿಂದ ಬೆಂಕಿಪೊಟ್ಟಣ ಕೊಟ್ಟೆ. ಅವರು ಹಚ್ಚಿ ಕೆರೆಯ ಕಡೆ ಎಸೆದು, ಪೊಟ್ಟಣ ನನಗೆ ವಾಪಸು ಕೊಟ್ಟರು. ಈ ಅವಸರದಲ್ಲೂ ಅವರು ಪೊಟ್ಟಣ ವಾಪಸು ಕೊಟ್ಟರೆಂಬುದು ನನಗೆ ಖಾತ್ರಿ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಪಟಾಕಿ ಸಿಡಿಯಿತು. ಅದಕ್ಕೆ ಉತ್ತರವೆಂಬಂತೆ ಗೋದಾಮಿನ ಮೇಲಿನ ತಗಡಿನ ಶೀಟೊಂದು ಎದ್ದು ನಿಂತು, ಸ್ವಲ್ಪ ಹೊತ್ತು ಯೋಚಿಸಿ, ಹಾರಿಹೋಯಿತು.

ಆಗ ನಮಗೆ ತಿಳಿಯಿತು, ಇದು ಆನೆಯಲ್ಲ ಎಂದು. ಮಳೆಯಲ್ಲ ಎಂದು ಇನ್ನೂ ತಿಳಿದಿರಲಿಲ್ಲ.

ಇಲ್ಲಿಂದ ಮುಂದೆ ನನ್ನ ನೆನಪು ಟಾರ್ಪಾಲಿನಷ್ಟೇ ಅಗಲ. ಕಿವಿ ಗುಂಯ್ ಎಂದು ಮುಚ್ಚಿಕೊಂಡಿತು. ಹುಲ್ಲು, ತರಗೆಲೆ, ಧೂಳು, ಯಾರದೋ ಲುಂಗಿ, ಎಲ್ಲವೂ ಅಡ್ಡಡ್ಡ ಹೋಗುತ್ತಿದ್ದವು. ಟಾರ್ಪಾಲು ನನ್ನನ್ನು ಎತ್ತಿತೋ ನಾನೇ ಹಾರಿದೆನೋ, ಹಿಮ್ಮಡಿ ನೆಲದಲ್ಲಿರಲಿಲ್ಲ. ಮುಖಕ್ಕೆ, ಎದೆಗೆ ದಪ್ಪ ಹನಿಗಳು ಪಟಪಟ ಹೊಡೆದವು. ಅಡಿಗೆಮನೆಯ ತಗಡಿನ ಮೇಲೆ ಮಳೆ ಸುರಿದ ಸದ್ದು, ಅದೂ ಎಂಥ ಸದ್ದು, ಜೂನ್ ತಿಂಗಳಿನದು. ಕಣ್ಣು ಉರಿಯಿತು. ಕೈ ಬಿಟ್ಟೆ. ಆಮೇಲೆ ಎಲ್ಲವೂ ನಿಂತಿತು, ಯಾರೋ ಸ್ವಿಚ್ಚು ಆರಿಸಿದ ಹಾಗೆ. ಎಷ್ಟು ಹೊತ್ತು ನಡೆಯಿತು? ರೈಟರ ಪ್ರಕಾರ ಒಂದು ಬೀಡಿ ಸೇದುವಷ್ಟು. ಲೈನಿನ ಅಕ್ಕನ ಪ್ರಕಾರ ಅನ್ನ ಬೇಯುವಷ್ಟು. ಅವರವರ ಗಡಿಯಾರ.

ನೆಲ ಒದ್ದೆಯಾಗಿತ್ತು, ಅದರಲ್ಲಿ ತಕರಾರಿಲ್ಲ. ಮಣ್ಣಿನ ವಾಸನೆ ಎದ್ದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಸಿಲ್ವರ್ ಓಕ್ ಮರಗಳು ಕೆಲವು ತಲೆ ಕಳೆದುಕೊಂಡಿದ್ದವು. ಅತ್ತೆ ಮೊದಲು ಹೋದದ್ದು ಮಳೆಮಾಪಕದ ಹತ್ತಿರ. ಕಂಬ ಇತ್ತು. ಅದರ ಮೇಲೆ ಏನೂ ಇರಲಿಲ್ಲ.

ಅದೇ ಹೊತ್ತಿಗೆ ಫೋನು ಬಡಿಯಿತು. ತೊರೆಯಾಚೆಯವರು.

"ಅಕ್ಕಾ, ಗಾಳಿ ಜೋರು ಅಲ್ವಾ. ನಿಮ್ಮಲ್ಲಿ ಎಷ್ಟು ಸೆಂಟು?"

"ನಿಮ್ಮಲ್ಲಿ ಎಷ್ಟು ಹೇಳಿ ಮೊದ್ಲು."

"ನೀವು ಹೇಳಿ ಅಕ್ಕಾ, ನಿಮ್ಮದು ಮೇಲಿನ ತೋಟ."

"ಮೇಲಿನವ್ರಿಗೆ ಗೌರವ ಕೊಟ್ಟು ಕೆಳಗಿನವ್ರು ಮೊದ್ಲು ಹೇಳ್ಬೇಕು."

ಇಬ್ಬರೂ ಸೆಂಟು ಹೇಳದೆ ಫೋನಿಟ್ಟರು. ಆಮೇಲೆ ಬಂದ ಮಾವನ ಕರೆಯನ್ನು ಅತ್ತೆ ಎತ್ತಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂತು, "ಸರಿ, ಒಬ್ಬೊಬ್ರಾಗಿ ಹೇಳಿ. ಎಷ್ಟು ಮಳೆ ಬಿತ್ತು?" ಎಂದರು.

ಒಂದು ಇಂಚು ಬಿದ್ದಿದ್ದರೆ ಹೂವಿಗೆ ಸಾಕು, ಕೆರೆಯ ನೀರನ್ನು ಮುಟ್ಟಬಾರದು. ಹತ್ತೋ ಹದಿನೈದೋ ಸೆಂಟು ಆಗಿದ್ದರೆ ಮೊಗ್ಗು ಎದ್ದುಬಿಟ್ಟಿದೆ. ಬೆಳಿಗ್ಗೆಯೇ ಪಂಪು ಶುರುವಾಗಬೇಕು. ತಪ್ಪಿದರೆ ಎರಡೂ ಕಡೆ ಹೊಂಡ. ಅದನ್ನು ಹೇಳಬೇಕಾದ ಡಬ್ಬಿ ಆಕಾಶಕ್ಕೆ ಹೋಗಿತ್ತು. ನೆಲದ ಮೇಲೆ ಉಳಿದಿದ್ದವರು ನಾವು.

ರೈಟರು ಶುರು ಮಾಡಿದರು. "ಅಮ್ಮಾ, ಅದು ಗೋದಾಮಿಗೂ ಅಂಗಳಕ್ಕೂ ಮಧ್ಯ ಬಂತು. ನಾನು ಪಟಾಕಿ ಎಸೆದೆ. ಅದು ನಿಂತಿತು. ನೋಡಿತು. ತಿರುಗಿತು."

"ನಾ ಕೇಳಿದ್ದು ಮಳೆ."

"ಮಳೆ ಇತ್ತು ಅಮ್ಮಾ. ಪಟಾಕಿ ಸಿಡಿದ ಮೇಲೆ ಜೋರಾಯ್ತು."

ಲೈನಿನ ಅಕ್ಕ ತಲೆಯಾಡಿಸಿದರು. "ಸೊಂಡಿಲು ಥರ ಇತ್ತು ಅಮ್ಮಾ. ಕೆರೆಗೆ ಸೊಂಡಿಲು ಇಟ್ಟು ಕುಡೀತು. ನಮ್ಮ ಲೈನ್ ಮುಂದೆನೇ ಹೋಯ್ತು, ನನ್ನ ಕೋಳಿ ಗೂಡು ಸಮೇತ ಎತ್ತಿ, ಸುತ್ತಿಸಿ, ಅಲ್ಲೇ ಇಳಿಸ್ತು. ಕೋಳಿ ನಿಂತ್ಕೊಂಡು ನನ್ನೇ ನೋಡ್ತು."

"ಮಳೆ ಹೇಳೇ."

"ಕೋಳಿ ನೋಡ್ತಾ ಇದ್ದೆ, ಮಳೆ ಎಲ್ಲಿ ನೋಡ್ಲಿ?"

"ನೀನು ಅಂಗಳದಲ್ಲಿ ನನ್ ಜೊತೆ ಇದ್ದೆ. ಲೈನ್ ಹತ್ರ ಇರೋ ಕೋಳಿನ ಹೆಂಗೆ ನೋಡ್ದೆ?"

ಲೈನಿನ ಅಕ್ಕ ಸ್ವಲ್ಪ ಯೋಚಿಸಿ, "ಅದೂ ಹೌದು" ಎಂದರು. ಆದರೆ ಕೋಳಿಯನ್ನು ಬಿಟ್ಟುಕೊಡಲಿಲ್ಲ.

ನನ್ನ ಸರದಿ ಬಂತು. ನಾನು ಸಂಶಯವಿಲ್ಲದೆ ಹೇಳಿದೆ: "ಅತ್ತೆ, ಒಂದು ಇಂಚಿಗೆ ಕಡಿಮೆ ಇಲ್ಲ. ನಾನು ಪೂರ್ತಿ ತೊಯ್ದು ಹೋದೆ. ಹನಿ ಮುಖಕ್ಕೆ ಹೊಡೀತಿತ್ತು. ತಗಡಿನ ಮೇಲಿನ ಸದ್ದು ನೀವೂ ಕೇಳಿದ್ದೀರಿ."

"ಕೇಳಿದ್ದೀನಿ" ಎಂದರು ಅತ್ತೆ. ಅವರ ಮುಖದಲ್ಲಿ ಸ್ವಲ್ಪ ಬಣ್ಣ ಬಂತು. ಕೆರೆಯ ನೀರು ಉಳಿಯಿತು ಎಂದೇ ಅವರು ಎಣಿಸಿರಬೇಕು.

ಆದರೂ ರೈಟರು ಹಾರೆ ತಂದು ಮಣ್ಣು ಕೆದಕಿ ನೋಡಿದರು. ಮನೆಯ ಹಿಂದಿನ ಗಿಡದ ಬುಡದಲ್ಲಿ ಗೇಣುದ್ದ ಒದ್ದೆ. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಬರೀ ಮೇಲಿನ ತರಗು ಒದ್ದೆ, ಕೆಳಗೆ ಹಿಟ್ಟಿನಂಥ ಧೂಳು. ಅಂಗಳದ ಬಕೆಟ್ಟಿನಲ್ಲಿ ನೀರಿತ್ತು. ಅದು ತಾನು ಬೆಳಿಗ್ಗೆ ಕಾಲು ತೊಳೆಯಲು ಇಟ್ಟದ್ದು ಎಂದು ಲೈನಿನ ಅಕ್ಕ ಹೇಳಿದರು. ನಾಯಿಯ ತಟ್ಟೆ ಬೋರಲು ಬಿದ್ದಿತ್ತು. ನಾಯಿಯನ್ನು ಯಾರೂ ಕೇಳಲಿಲ್ಲ.

ಕತ್ತಲಾಗುವ ಮೊದಲೇ ಅಡಿಗೆಮನೆ ಮಬ್ಬಾಯಿತು. ಕಂಬಗಳು ಬಿದ್ದು ಕರೆಂಟು ಹೋಗಿತ್ತು. ಅತ್ತೆ ದೀಪ ಹಚ್ಚಲು ಬೆಂಕಿಪೊಟ್ಟಣ ಹುಡುಕಿದರು. ನಾನು ಜೇಬಿಗೆ ಕೈ ಹಾಕಿ ತೆಗೆದು, ಒಂದು ಕಡ್ಡಿ ಗೀರಿದೆ. ಅದು ಹತ್ತಿಕೊಂಡಿತು.

ಅತ್ತೆ ದೀಪವನ್ನು ಮುಂದೆ ತರಲಿಲ್ಲ. ಕಡ್ಡಿಯನ್ನೇ ನೋಡುತ್ತ ನಿಂತರು. ಅದು ನನ್ನ ಬೆರಳು ಸುಟ್ಟಿತು.

"ಪೂರ್ತಿ ತೊಯ್ದು ಹೋದೆ ಅಂದ್ಯಲ್ಲ."

"ಹೌದು."

"ಅಂಗಿ ಬದ್ಲಾಯಿಸಿದ್ಯಾ?"

"ಇಲ್ಲ."

"ಜೇಬಲ್ಲಿ ಇನ್ನೇನಿದೆ, ತೆಗಿ."

ಜೇಬನ್ನು ಒಳಹೊರಗು ಮಾಡಿದೆ. ಮೇಜಿನ ಮೇಲೆ ಮೆಣಸು ಉರುಳಿತು. ಒಂದು ಹಿಡಿಯಷ್ಟು, ಕಪ್ಪಗೆ, ಸುಕ್ಕುಸುಕ್ಕಾಗಿ, ಒಣಗಿ. ಅತ್ತೆ ಅದನ್ನು ಬೆರಳಿನಲ್ಲಿ ಆಡಿಸಿ, ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಏಣಿ ಇಡಿಸಿ ರೈಟರನ್ನು ಹತ್ತಿಸಿದರು. ಅವರು ಅಡಿಗೆಮನೆಯ ಸೂರಿನ ದಂಬೆಗೆ ಕೈ ಹಾಕಿ, ಬೊಗಸೆ ತುಂಬಿ ಕೆಳಗೆ ಸುರಿದರು. ನೀರು ಹರಿಯಬೇಕಾದ ದಂಬೆಯಲ್ಲಿ ಉದ್ದಕ್ಕೂ ಮೆಣಸು ತುಂಬಿತ್ತು.

"ನಾವು ಕೇಳಿದ್ದು ಮಳೆ ಅಲ್ಲ ಕಣೋ" ಎಂದರು ಅತ್ತೆ. "ನಮ್ಮ ಮೆಣಸು."

ಲೈನಿನ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಹೊರಗೆ ಬಂತು. "ಅದಕ್ಕೇ ಅಮ್ಮಾ ನನ್ ಕಣ್ಣು ಇನ್ನೂ ಉರೀತಿದೆ."

ನಾನು ಆಗಲೂ ವಾದ ಮಾಡಿದೆ. ನನ್ನ ಬೆನ್ನಿನಲ್ಲಿ ಅಂಗಿ ಅಂಟಿಕೊಂಡದ್ದು, ಕೂದಲಿನಿಂದ ನೀರು ಇಳಿದು ಕಿವಿಯ ಹಿಂದೆ ತಣ್ಣಗಾದದ್ದು, ಎಲ್ಲವನ್ನೂ ಹೇಳಿದೆ. ಇವತ್ತಿಗೂ ಅವು ನೆನಪಿವೆ. ಒಣ ಬೆಂಕಿಪೊಟ್ಟಣವೂ ನೆನಪಿದೆ. ಎರಡೂ ನನ್ನೊಳಗೆ ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಇವೆ. ಅತ್ತೆ ನನ್ನ ಮಾತನ್ನು ಪೂರ್ತಿ ಕೇಳಿ, "ನೀನು ಹೇಳೋದು ಚೆನ್ನಾಗಿದೆ. ಆದ್ರೆ ಅದನ್ನ ನಂಬಿ ಬೆಳೆ ಕಳ್ಕೊಳ್ಳೋಕೆ ಆಗಲ್ಲ" ಎಂದರು. ಆಮೇಲೆ ರೈಟರ ಕಡೆ ತಿರುಗಿ, "ಬೆಳಿಗ್ಗೆ ಡೀಸೆಲ್ ತರ್ಸಿ. ಎಲ್ಲ ಬ್ಲಾಕಿಗೂ ನೀರು. ಪೈಪು ಎಲ್ಲೆಲ್ಲಿ ಹಾರಿವೆ ನೋಡಿ ಒಟ್ಟು ಮಾಡ್ಸಿ" ಎಂದರು.

ಮಾವನ ಫೋನನ್ನು ಆಗ ಎತ್ತಿದರು.

"ಎಷ್ಟು ಸೆಂಟು?"

"ಸಾಲ್ದು. ನೀರು ಹೊಡ್ಸ್ತಾ ಇದ್ದೀನಿ."

"ಸಾಲ್ದು ಅಂದ್ರೆ ಎಷ್ಟು? ಎಂಬತ್ತು ಬಿದ್ದಿದ್ರೆ ನೀರು ಹಾಳು ಮಾಡ್ತೀಯ. ಅಲ್ಲಿ ಮಳೆ ಜೋರಿತ್ತು ಅಂತ ಇಲ್ಲಿಗೇ ಸುದ್ದಿ ಬಂತು. ಮುಂದೆ ಕಾಯಿಗೆ ಏನ್ ಮಾಡ್ತೀಯ?"

"ಮಳೆ ಜೋರಿತ್ತು ಅಂದವ್ರು ಮೆಣಸಿನ ಕೆಳಗೆ ನಿಂತಿದ್ರು."

"ಏನೂ?"

"ಡೀಸೆಲ್‌ಗೆ ಹೇಳ್ಬೇಕು, ಇಡ್ತೀನಿ."

ಬೆಳಿಗ್ಗೆ ಪಂಪು ಗುಡುಗಿತು. ಅಷ್ಟು ದಿನ ಕಾಪಾಡಿದ್ದ ನೀರು ಪೈಪಿನಲ್ಲಿ ಹೋಗುವುದನ್ನು ಅತ್ತೆ ಕೆರೆಯ ಏರಿಯ ಮೇಲೆ ನಿಂತು ನೋಡಿದರು. ಮಾವ ಹೇಳಿದ್ದನ್ನೇ ಈಗ ಮಾಡುತ್ತಿದ್ದಾರೆ, ಅದೂ ತಡವಾಗಿ ಎಂದು ಯಾರಾದರೂ ಅನ್ನಬಹುದಿತ್ತು. ನಾನು ಅನ್ನಲಿಲ್ಲ. ಒಂದೊಂದೇ ಬ್ಲಾಕು ಮುಗಿಸುತ್ತ ಕೊನೆಯ ಬ್ಲಾಕಿಗೆ ಬರುವಾಗ ಕೆರೆಯ ತಳದಲ್ಲಿ ಕೆಸರು, ಕೆಸರಿನಲ್ಲಿ ಕೊಕ್ಕರೆಗಳು. ಇನ್ನು ಕಾಯಿಗೆ ಬೇಕಾದ ನೀರು ಮೇಲಿನಿಂದಲೇ ಬರಬೇಕು.

ಹೂ ಬಂದ ದಿನವನ್ನು ನಾನು ವರ್ಣಿಸುವುದಿಲ್ಲ. ಆ ಬಿಳಿಯನ್ನೂ ಆ ಮಲ್ಲಿಗೆಯಂಥ ವಾಸನೆಯನ್ನೂ ನಮ್ಮ ಕಡೆಯ ಕ್ಯಾಲೆಂಡರುಗಳೆಲ್ಲ ಸವೆಸಿಬಿಟ್ಟಿವೆ. ಹೇಳಬೇಕಾದ್ದು ಬೇರೆ. ತೋಟ ಇನ್ನೂ ಹಸಿರಾಗಿದ್ದಾಗಲೇ, ಎಲ್ಲಕ್ಕಿಂತ ಮೊದಲು, ಒಂದು ಪಟ್ಟಿಯಷ್ಟು ಜಾಗ ಮಾತ್ರ ಅರಳಿತು. ಲೈನಿನ ಮೇಲಿನ ದಿಬ್ಬದಿಂದ ನೋಡಿದರೆ ಸ್ಪಷ್ಟ ಕಾಣುತ್ತಿತ್ತು: ಕೆರೆಯಿಂದ ಹೊರಟು, ಲೈನಿನ ಹಿಂಬದಿಯಲ್ಲಿ ಸುತ್ತಿ, ಮನೆಯ ಹಿಂದುಗಡೆಯಿಂದ ಗುಡ್ಡ ಹತ್ತಿದ ಒಂದು ಬಿಳಿ ದಾರಿ. ನಿಜವಾದ ಮಳೆ ಬಿದ್ದದ್ದು ಅಷ್ಟೇ ಅಗಲಕ್ಕೆ. ಅದು ಮೋಡದ ನೀರೋ, ಕೆರೆಯಿಂದ ಎತ್ತಿಕೊಂಡು ಹೋದ ನೀರೋ, ಹೂವಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಸುಂಟರಗಾಳಿ ನಡೆದ ದಾರಿಯನ್ನು ಗಿಡಗಳು ಬಿಳಿಯಲ್ಲಿ ಗೆರೆ ಎಳೆದು ತೋರಿಸಿದವು. ಅದು ಗೋದಾಮಿಗೂ ಅಂಗಳಕ್ಕೂ ಮಧ್ಯ ಹಾದಿರಲಿಲ್ಲ. ಲೈನಿನ ಮುಂದೆ ಹೋಗಿರಲಿಲ್ಲ. ಅಂಗಳಕ್ಕೆ ಬಂದದ್ದು ಅದರ ಅಂಚು ಮಾತ್ರ.

ದಿಬ್ಬದ ಮೇಲೆ ನಾವು ನಾಲ್ವರೂ ನಿಂತಿದ್ದೆವು. ಮೊದಲು ರೈಟರು ಕೆಮ್ಮಿದರು.

"ನೋಡಿದ್ರಾ, ಅಲ್ಲಿ ತಿರುಗಿದೆ. ಸರಿಯಾಗಿ ಪಟಾಕಿ ಬಿದ್ದ ಜಾಗ."

"ನಮ್ಮ ಲೈನ್ ಹಿಂದೆ ಅಂತ ಅವತ್ತೇ ಹೇಳಿದ್ನಲ್ಲ" ಎಂದರು ಲೈನಿನ ಅಕ್ಕ. "ಕೋಳಿ ಗೂಡು ಹಿಂದೆನೇ ಅಲ್ವಾ ಇರೋದು."

"ಮುಂದೆ ಅಂದಿದ್ದೆ ನೀನು."

"ಹಿಂದೆ ಅಮ್ಮಾ. ನಾನ್ಯಾಕೆ ಮುಂದೆ ಅಂತೀನಿ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣೆದುರಿಗೇ ಅವರ ನೆನಪು ಜಾಗ ಬದಲಿಸಿ ಕೂತಿತ್ತು. ನಾನು ನಗಲು ಹೊರಟೆ. ಅಷ್ಟರಲ್ಲಿ ನನ್ನ ತಲೆಯೊಳಗೂ ಆ ಕಪ್ಪು ಕಂಬ ಗೋದಾಮಿನ ಹತ್ತಿರದಿಂದ ಮೆಲ್ಲಗೆ ಎದ್ದು ಮನೆಯ ಹಿಂದೆ ಹೋಗಿ ನಿಂತಿರುವುದು ಗೊತ್ತಾಯಿತು. ಅಮ್ಮತ್ತಿಯ ಹೋಟೆಲಿನಲ್ಲಿ ಈಗ ನಾನು ಅದನ್ನು ಅಲ್ಲಿಂದಲೇ ನಡೆಸುತ್ತೇನೆ, ಬಾಳೆಗಿಡಗಳ ಮೇಲಿನಿಂದ, ಅದರ ಬೆನ್ನು ಕಂಡಿತೆಂದೂ ಸೇರಿಸುತ್ತೇನೆ.

ಅತ್ತೆ ನಮ್ಮ ಮಾತಿಗೆ ಬರಲಿಲ್ಲ. ಅವರು ನೋಡುತ್ತಿದ್ದದ್ದು ಬಿಳಿ ಪಟ್ಟಿಯನ್ನಲ್ಲ, ಅದರ ಎರಡೂ ಬದಿಯ ಹಸಿರನ್ನು. ದಿಬ್ಬದಿಂದಿಳಿದು ಒಂದು ಗಿಡದ ರೆಂಬೆಯನ್ನು ಬಗ್ಗಿಸಿ ಮೊಗ್ಗು ಮುಟ್ಟಿ ನೋಡಿದರು. ಕೆಂಪು ಇರಲಿಲ್ಲ. ಬೆಳ್ಳಗೆ ಉಬ್ಬಿತ್ತು. ಮುಂದಿನ ಎರಡು ಮೂರು ದಿನಗಳಲ್ಲಿ ಬ್ಲಾಕಿನ ಹಿಂದೆ ಬ್ಲಾಕು ಅರಳಿ ಆ ಬಿಳಿ ದಾರಿ ಬಿಳಿಯಲ್ಲೇ ಮುಳುಗಿಹೋಯಿತು. ತೊರೆಯಾಚೆಯವರ ತೋಟದಲ್ಲಿ ಕೆಲವು ಬ್ಲಾಕು ಕೆಂಪಾದವೆಂದು ಆಮೇಲೆ ತಿಳಿಯಿತು. ಅವರು ತಮ್ಮ ಮಳೆಮಾಪಕದ ಅಂಕಿಯನ್ನು ನಂಬಿ ಕಾದಿದ್ದರಂತೆ. ಅದರೊಳಗೆ ಏನೇನು ಬಿದ್ದಿತ್ತೋ ಅವರು ಹೇಳಲಿಲ್ಲ, ಅತ್ತೆ ಕೇಳಲಿಲ್ಲ.

ಹೂ ಉದುರಿ ತೋಟ ಮತ್ತೆ ಹಸಿರಾಯಿತು. ಈಗ ಕಾಯಿಯ ಮಳೆಗೆ ಕಾಯುವುದು. ಕೆರೆ ಬಿರುಕು ಬಿಟ್ಟಿತ್ತು. ಮಾವ ಫೋನಿನಲ್ಲಿ ಏನೂ ಅನ್ನುತ್ತಿರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಅತ್ತೆ ಆಕಾಶ ನೋಡುವುದನ್ನು ಬಿಟ್ಟು ಬರೀ ನೆಲ ನೋಡಿಕೊಂಡು ಓಡಾಡುತ್ತಿದ್ದರು.

ಕಾಯಿ ಮೆಣಸಿನ ಕಾಳಿಗಿಂತ ಸಣ್ಣದಿದ್ದಾಗ, ಒಂದು ದಿನ ಊಟದ ಹೊತ್ತಿಗೆ, ಗುಡುಗೂ ಇಲ್ಲದೆ ಅಡಿಗೆಮನೆಯ ತಗಡಿನ ಮೇಲೆ ಪಟಪಟ ಎಂದಿತು. ನಾನೂ ರೈಟರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ಅದಕ್ಕೆ ಹೆಸರಿಡಲಿಲ್ಲ. ಅಂಗಳದಲ್ಲಿ ಈಗ ಮೆಣಸಿರಲಿಲ್ಲ, ಆದರೂ. ಅತ್ತೆ ತಟ್ಟೆ ಸರಿಸಿ, ಕೈ ತೊಳೆಯದೆ ಹೊರಗೆ ಹೋದರು. ಅಂಗಳದ ನಡುವೆ, ಇನ್ನೂ ಬೋಳಾಗಿಯೇ ಇದ್ದ ಮಳೆಮಾಪಕದ ಕಂಬದ ಪಕ್ಕ ನಿಂತರು. ನಾವು ಬಾಗಿಲಿನಿಂದ ನೋಡಿದೆವು. ಅವರು ಅಲ್ಲಿಂದ ಕದಲಲಿಲ್ಲ. ಕೂದಲು ಒದ್ದೆಯಾಯಿತು, ಕುಪ್ಪಸ ಒದ್ದೆಯಾಯಿತು, ಸೀರೆ ಕಾಲಿಗೆ ಸುತ್ತಿಕೊಂಡಿತು. "ನೆಗಡಿ ಆಗುತ್ತೆ ಅಮ್ಮಾ, ಬನ್ನಿ" ಎಂದು ರೈಟರು ಕೊಡೆ ಹಿಡಿದು ಹೊರಟರೆ ಕೈಯಾಡಿಸಿ ವಾಪಸು ಕಳಿಸಿದರು. ಮಳೆ ನಿಲ್ಲುವವರೆಗೆ ಅಲ್ಲೇ ಇದ್ದು, ಜಗಲಿಗೆ ಬಂದು ಸೆರಗಿನ ತುದಿಯನ್ನು ಹಿಂಡಿದರು. ನೀರು ಧಾರೆಯಾಗಿ ಇಳಿಯಿತು. ಇನ್ನೊಮ್ಮೆ ಹಿಂಡಿದರು, ಮತ್ತೂ ಇಳಿಯಿತು.

ಒಳಗೆ ಫೋನು ಬಡಿಯುತ್ತಿತ್ತು. ಅತ್ತೆ ಒದ್ದೆ ಕೈಯಲ್ಲೇ ಎತ್ತಿದರು. ಮಾವ ಕೇಳಿದ್ದು ನಮಗೂ ಕೇಳಿಸಿತು.

"ಒಳಲಂಗದವರೆಗೂ ರೀ" ಎಂದರು ಅತ್ತೆ. "ಬರ್ಕೊಳ್ಳಿ."